ಸಿಂಹದ ಮೂರನೆಯ ಉಗುರು

ಸೀಮೆಯ ಲಾಂಛನದ ಫಲಕದಲ್ಲಿರುವ ಸಿಂಹದ ಹಿಂಗಾಲಿನ ಮೂರನೆಯ ಉಗುರು ಉದುರಿಹೋಗಿದೆ ಎಂಬ ಸುದ್ದಿ ಬೆಳಿಗ್ಗೆ ಒಂಬತ್ತು ಗಂಟೆಗೆ ಖಚಿತವಾಯಿತು. ಒಂಬತ್ತೂಕಾಲಿಗೆ ಶಾಲೆಗಳಿಗೆ ರಜೆ ಕೊಟ್ಟರು. ಒಂಬತ್ತೂವರೆಗೆ ಬಲದಂಡೆಯ ಸಿಂಹದವರೆಲ್ಲ, ಗೌರವಕ್ಕಾಗಿ, ಒಂದು ಕಾಲನ್ನು ತುಸು ಎಳೆದು ನಡೆಯತೊಡಗಿದರು. ಹತ್ತು ಗಂಟೆಗೆ ಎಡದಂಡೆಯಿಂದ ಚಕ್ರದವರ ನಿಯೋಗ ಸಂತಾಪ ಹೇಳಲು ಬಂತು. ನಿಯೋಗದಲ್ಲಿ ಹನ್ನೊಂದು ಜನರಿದ್ದರು. ಅವರಲ್ಲಿ ನಗು ತಡೆದುಕೊಂಡವರು ಏಳು.

ಉದುರಿದ ಉಗುರು ಎಳ್ಳಿನಷ್ಟು ದೊಡ್ಡದು. ನೆಲದ ಧೂಳನ್ನೆಲ್ಲ ಗುಡಿಸಿ ಜರಡಿ ಹಿಡಿದರು. ಸಿಗಲಿಲ್ಲ.

ಆ ಸೀಮೆಗೆ ಇದ್ದ ನಿಯಮ ಒಂದೇ: ಫಲಕದಲ್ಲಿ ಹೇಗೋ ನೆಲದಲ್ಲಿ ಹಾಗೆ. ಹಿಂದೊಮ್ಮೆ ಒಬ್ಬ ಚಿತ್ರಗಾರ ಕೈತಪ್ಪಿ ಗಿರಣಿಚಕ್ರಕ್ಕೆ ಎಂಟರ ಬದಲು ಒಂಬತ್ತು ಅರೆಕಾಲಿನ ಕಡ್ಡಿ ಬರೆದುಬಿಟ್ಟಿದ್ದ. ಬೀಸಲು ಕಾಳಿಲ್ಲದಿದ್ದರೂ ಚಕ್ರದವರು ಆ ವರ್ಷ ಒಂಬತ್ತನೆಯ ಗಿರಣಿ ಕಟ್ಟಿಸಬೇಕಾಯಿತು. ಇನ್ನೊಮ್ಮೆ ಸಿಂಹದ ಬಾಯಿ ಒಂದು ಬೆರಳು ಹೆಚ್ಚು ತೆರೆದಿತ್ತು. ಆ ವರ್ಷ ಸಿಂಹದವರ ಸಭೆಗಳು ಮೂರು ಮೂರು ದಿನ ನಡೆದವು. ಫಲಕದಲ್ಲಿ ಹೇಗೋ ನೆಲದಲ್ಲಿ ಹಾಗೆ.

ಫಲಕ ಇದ್ದದ್ದು ನದಿಯ ನಡುವಿನ ಬಂಡೆಯ ಮೇಲೆ, ಸೀಮೆಮನೆಯ ಗೋಡೆಯಲ್ಲಿ. ಎರಡು ದಂಡೆಗೂ ಸೇರದ ಜಾಗ ಅದೊಂದೇ. ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತರೆ ಬಲಗೈಗೆ ಸಿಂಹದವರು, ಎಡಗೈಗೆ ಚಕ್ರದವರು. ಎಂದೋ ಒಂದು ದಿನ ಎಲ್ಲಿಂದಲೋ ಒಂದು ಆಜ್ಞೆ ಬಂದು ಇಬ್ಬರನ್ನೂ ಒಂದೇ ಸೀಮೆ ಮಾಡಿತ್ತು. ಒಂದಾದ ದಿನವೇ ಲಾಂಛನದ ವಾಕ್ಯ ರಚನೆಯಾಯಿತು: "ಬಲಕ್ಕೆ ಹಸಿರಿನ ಮೇಲೆ ಚಿನ್ನದ ಸಿಂಹ, ನಾಲಿಗೆ ಉಗುರು ಕೆಂಪು. ಎಡಕ್ಕೆ ಕೆಂಪಿನ ಮೇಲೆ ಚಿನ್ನದ ಗಿರಣಿಚಕ್ರ. ನಡುವೆ ಅಲೆಯುಳ್ಳ ಬೆಳ್ಳಿಯ ಪಟ್ಟಿ." ಚಿತ್ರ ಹಾಳಾದರೆ ಮತ್ತೆ ಬರೆಯಬಹುದು, ವಾಕ್ಯ ಹಾಳಾದರೆ ಸೀಮೆಯೇ ಇಲ್ಲ. ಆದ್ದರಿಂದ ಆ ಮೂರು ಸಾಲನ್ನು ಕಾಯಲು ವಾಕ್ಯಪಾಲರು ಎಂಬ ಒಬ್ಬ ಅಧಿಕಾರಿ, ಒಂದು ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬೀಗ. ಸೀಮೆಯ ಯಜಮಾನರು ಸಿಂಹದವರಾದ ವರ್ಷ ವಾಕ್ಯಪಾಲರು ಚಕ್ರದವರು, ಮರುವರ್ಷ ತಿರುಗುಮುರುಗು.

ಬಣ್ಣಕ್ಕೂ ಒಂದು ಕಟ್ಟಳೆ ಇತ್ತು. ಲೋಹದ ಮೇಲೆ ಲೋಹ ಕೂರದು, ಬಣ್ಣದ ಮೇಲೆ ಬಣ್ಣ ಕೂರದು. ಚಿನ್ನಕ್ಕೆ ಹಸಿರೋ ಕೆಂಪೋ ಬೇಕು, ಚಿನ್ನದ ಮೇಲೆ ಚಿನ್ನ ಇಟ್ಟರೆ ದೂರದಿಂದ ಕಾಣುವುದಿಲ್ಲ. ಸಿಂಹವೂ ಚಿನ್ನ, ಚಕ್ರವೂ ಚಿನ್ನ. ಹಾಗಾಗಿ ಸಿಂಹದವರು ಚಕ್ರದವರ ಪಕ್ಕ ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ, ಹೆಣ್ಣು ಕೊಡುತ್ತಿರಲಿಲ್ಲ, ತರುತ್ತಿರಲಿಲ್ಲ. ಉಗುರಿಗೂ ನಾಲಿಗೆಗೂ ಮಾತ್ರ ಈ ಕಟ್ಟಳೆಯಿಂದ ವಿನಾಯಿತಿ. ಅವು ಸಣ್ಣವು, ಮತ್ತು ಅವಿಲ್ಲದೆ ಹೋದರೆ ಸಿಂಹ ಬೆಕ್ಕಾಗುತ್ತದೆ.

ವರ್ಷಕ್ಕೊಮ್ಮೆ ಅಂಗೈ ದಿನ. ಅಂದು ಪ್ರತಿಯೊಬ್ಬರೂ ಬಂದು ಫಲಕದಲ್ಲಿನ ತಮ್ಮ ಗುರುತಿನ ಮೇಲೆ ಅಂಗೈ ಇಡಬೇಕು. ಅಂಗೈಗೆ ಜಾಗ ಇದ್ದವರು ಸೀಮೆಯವರು, ಇಲ್ಲದವರು ಅತಿಥಿಗಳು. ನದಿಯ ಮೇಲಿನ ದೋಣಿಯವರು, ಎಪ್ಪತ್ತೆರಡು ಮಂದಿ, ಅತಿಥಿಗಳು. ಎಷ್ಟು ತಲೆಮಾರಿನಿಂದ ಅತಿಥಿಗಳೋ ಯಾರಿಗೂ ನೆನಪಿರಲಿಲ್ಲ. ಅಂಗೈ ದಿನ ಎರಡು ದಂಡೆಯವರನ್ನೂ ಬಂಡೆಗೆ ತಂದುಬಿಡುವವರು ಅವರೇ, ಹೊರಗೆ ಹುಟ್ಟು ಹಿಡಿದು ಕಾಯುವವರೂ ಅವರೇ.

ಫಲಕಕ್ಕೆ ಬಣ್ಣ ಹಾಕುತ್ತಿದ್ದ ಬಣ್ಣದವಳು ದೋಣಿಯವರಲ್ಲಿ ಹಿರಿಯಳಾದ ದೋಣಿಯವ್ವನ ಮಗಳು. ಕುಂಚ ಹಿಡಿದ ಕೈಗೆ ಗುರುತು ಬೇಡ ಎಂದು ಅವಳೊಬ್ಬಳಿಗೆ ರಿಯಾಯಿತಿ ಇತ್ತು. ಕಲಿಸಿದ ಮುದುಕ ಸಾಯುವ ಮೊದಲು ಒಂದು ಮಾತು ಹೇಳಿದ್ದ: "ವಾಕ್ಯದಲ್ಲಿ ಬಲಕ್ಕೆ ಸಿಂಹ ಅಂತಿರುತ್ತೆ. ನೀನು ನಿನ್ನ ಎಡಕ್ಕೆ ಬರಿ. ಯಾಕೆ ಅಂತ ಕೇಳಬೇಡ. ನಾನೂ ಕೇಳಿಲ್ಲ." ಇಪ್ಪತ್ತು ವರ್ಷ ಅವಳೂ ಕೇಳಿರಲಿಲ್ಲ.

ಉಗುರು ಉದುರಿದ ದಿನ ಹನ್ನೊಂದು ಗಂಟೆಗೆ ಅವಳಿಗೆ ಕರೆ ಬಂತು.

ಸೀಮೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ದಂಡೆಯವರೂ ಎರಡು ಗೋಡೆಗೆ ಅಂಟಿ ನಿಂತು ಒಟ್ಟಿಗೆ ಕೂಗುತ್ತಿದ್ದರು. ಆ ತಿಂಗಳು ಬಂಡೆಯ ಮೇಲೆ ಕಾಲೂರಿ ಹೊಸ ಸೇತುವೆಯೊಂದು ಎದ್ದಿತ್ತು. ಜನ ಮೊದಲ ಸಲ ಪಾದ ಒದ್ದೆಯಾಗದೆ ಬಂದಿದ್ದರು, ಅದರ ಉತ್ಸಾಹವೂ ಸೇರಿಕೊಂಡಿತ್ತು.

"ನೋಡಮ್ಮ," ಎಂದರು ಯಜಮಾನರು. ಆ ವರ್ಷ ಯಜಮಾನಿಕೆ ಸಿಂಹದವರದು, ಹಾಗಾಗಿ ಕುಳಿತಲ್ಲೇ ಒಂದು ಕಾಲನ್ನು ಎಳೆದುಕೊಂಡಿದ್ದರು. "ಇಡೀ ಫಲಕ ಕೆರೆದು ಹೊಸದಾಗಿ ಬರೀಬೇಕು. ಒಂದು ಉಗುರಿಗೆ ಮಾತ್ರ ಬಣ್ಣ ಹಾಕಿದರೆ ಪಕ್ಷಪಾತ ಅಂತಾರೆ ಇವರು."

"ಅಂತೀವಿ," ಎಂದಿತು ಚಕ್ರದವರ ಗೋಡೆ.

"ಆಗಲಿ ಯಜಮಾನರೇ."

"ಇನ್ನೊಂದು ವಿಷಯ. ಸೇತುವೆ ಆಯ್ತು. ಇನ್ನು ದೋಣಿ ಬೇಕಿಲ್ಲ. ಹೊಸ ಫಲಕದ ಬಣ್ಣ ಒಣಗಿದ ದಿನ ಅತಿಥಿಗಳೆಲ್ಲ ಹೊರಡಬೇಕು ಅಂತ ತೀರ್ಮಾನ ಆಗಿದೆ. ಈ ತೀರ್ಮಾನಕ್ಕೆ ಎರಡೂ ದಂಡೆಯವರ ಒಪ್ಪಿಗೆ ಇದೆ." ಎರಡು ದಂಡೆಯವರು ಒಪ್ಪಿದ ಮೊದಲ ವಿಷಯ ಅದಾದ್ದರಿಂದ ಯಜಮಾನರ ದನಿಯಲ್ಲಿ ಸಂಭ್ರಮವಿತ್ತು. "ನೀನು ಇರಬಹುದು. ನಿನಗೆ ರಿಯಾಯಿತಿ ಇದೆ."

ಬಣ್ಣದವಳು ಫಲಕದ ನಡುವಿಗೆ ಬೆರಳು ತೋರಿದಳು. "ಆ ಬೆಳ್ಳಿ ಪಟ್ಟಿಯ ಮೇಲೆ ಒಂದು ಸಣ್ಣ ದೋಣಿ ಬರೆದುಬಿಡ್ಲಾ?" ಎಂದಳು. "ಕಪ್ಪು ಬಣ್ಣದಲ್ಲಿ. ಲೋಹದ ಮೇಲೆ ಬಣ್ಣ, ಕಟ್ಟಳೆಗೂ ಸರಿ."

ವಾಕ್ಯಪಾಲರು ಎರಡು ಬೀಗ ತೆಗೆದು, ಹಾಳೆ ಎತ್ತಿ, ಮೂರು ಸಾಲನ್ನೂ ಓದಿದರು. ಮತ್ತೆ ಒಮ್ಮೆ ಓದಿದರು. "ದೋಣಿ ಇಲ್ಲ," ಎಂದರು.

"ನೀರಿದೆಯಲ್ಲ. ನೀರಿನ ಮೇಲೆ ಅಂಗೈ ಇಟ್ಟರೆ ಆಗಲ್ವಾ? ನಮ್ಮವರು ದಿನಾ ಇಡ್ತಾರೆ."

"ನೀರು ಗಡಿ ಕಣಮ್ಮ," ಎಂದರು ಯಜಮಾನರು. "ಗಡಿಯಲ್ಲಿ ಯಾರೂ ವಾಸ ಮಾಡೋದಿಲ್ಲ."

ನಾಲ್ಕು ಜನ ಫಲಕವನ್ನು ಗೋಡೆಯಿಂದ ಇಳಿಸಿ, ಸಿಂಹದವರಿಬ್ಬರು ಚಕ್ರದ ಕಡೆ ಮುಟ್ಟದಂತೆ, ಚಕ್ರದವರಿಬ್ಬರು ಸಿಂಹದ ಕಡೆ ಮುಟ್ಟದಂತೆ, ಏಡಿಯ ನಡಿಗೆಯಲ್ಲಿ ಬಂಡೆಯ ತುದಿಯ ಬಣ್ಣದ ಕೊಟ್ಟಿಗೆಗೆ ತಂದು ಮಗುಚಿ ಇಟ್ಟುಹೋದರು.

ಬಣ್ಣದವಳು ಮಾಡಿದ ಮೊದಲ ಕೆಲಸ ಬಣ್ಣಕ್ಕೆ ಅಗಸೆ ಎಣ್ಣೆ ಕಲಸಿದ್ದು. ಸೇರಿಗೆ ಪಾವು ಸಾಕಾಗುವ ಕಡೆ ಸೇರಿಗೆ ಸೇರು ಹಾಕಿದಳು. ಅಂಥ ಬಣ್ಣ ಒಂದು ವಾರ ಒಣಗುವುದಿಲ್ಲ. ಒಂದು ವಾರಕ್ಕಿಂತ ಹೆಚ್ಚಿನ ಉಪಾಯ ಅವಳಿಗೆ ಹೊಳೆದಿರಲಿಲ್ಲ.

ಎಣ್ಣೆ ಕಲಸುತ್ತ ಕಣ್ಣು ಫಲಕದ ಬೆನ್ನಿನ ಮೇಲೆ ಬಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ಅದರ ಬೆನ್ನು ನೋಡಿದವಳಲ್ಲ. ಗೋಡೆಯಲ್ಲಿದ್ದಾಗಲೇ ಏಣಿ ಹಾಕಿಕೊಂಡು ಬಣ್ಣ ಹಚ್ಚುತ್ತಿದ್ದಳು. ಬೆನ್ನಿಗೆ ಬಣ್ಣವಿರಲಿಲ್ಲ. ಬರಿಯ ಮರ, ಜೇಡರ ಬಲೆ, ಮೇಲ್ಗಡೆ ಎರಡು ಕಬ್ಬಿಣದ ಬಳೆ, ಬಳೆಗಳಿಂದ ನೇತಾಡುವ ಚರ್ಮದ ಚೂರು. ಬಳೆಗಳ ಕೆಳಗೆ ಎರಡು ತಗ್ಗು. ಉಳಿಯಿಂದ ಕೆತ್ತಿದ ತಗ್ಗಲ್ಲ. ಮೆಟ್ಟಿಲು ಸವೆಯುತ್ತದಲ್ಲ, ಹಾಗೆ ಸವೆದ ತಗ್ಗು.

ಅವಳು ಕಿಟಕಿಯಿಂದ ಕೂಗಿದಳು. "ಅವ್ವಾ! ದೋಣಿ ಕಟ್ಟಿ ಒಂದ್ಸಲ ಬಾ!"

ದೋಣಿಯವ್ವ ಹುಟ್ಟು ಊರಿಕೊಂಡೇ ಒಳಗೆ ಬಂದಳು. "ಏನೇ, ಆಗ್ಲೇ ಒಣಗಿತಾ? ಪಾತ್ರೆ ಕಟ್ಟೋಕೂ ಬಿಡ್ಲಿಲ್ವಲ್ಲೇ."

"ಒಣಗೋದಿಲ್ಲ ಬಿಡು. ಇದೇನು ನೋಡು."

ದೋಣಿಯವ್ವ ನೋಡಲಿಲ್ಲ. ಬಗ್ಗಿ ಎರಡು ಅಂಗೈಯನ್ನೂ ಎರಡು ತಗ್ಗಿನಲ್ಲಿ ಇಟ್ಟಳು. ಹುಟ್ಟು ಹಾಕಿ ಹಾಕಿ ಅಗಲವಾದ ಕೈ. ಒಲೆಯ ಮೇಲೆ ಮಡಕೆ ಕೂರುವಂತೆ ಕೂತವು. ಅವಳ ಬಲಗೈಯ ನೇರಕ್ಕೆ, ಮರದ ಆಚೆ ಬದಿಯಲ್ಲಿ ಸಿಂಹ. ಎಡಗೈಯ ನೇರಕ್ಕೆ ಚಕ್ರ.

"ಇದನ್ನ ಕೊರಳಿಗೆ ಹಾಕ್ಕೊಂಡು, ಎದೆಗೆ ಆನಿಸ್ಕೊಂಡು ನಿಲ್ಲೋರಂತೆ," ಎಂದಳು. "ನಮ್ಮಜ್ಜಿ ಹೇಳ್ತಿದ್ಲು. ಗೋಡೆಗೆ ಹೊಡೆಯೋಕೆ ಮುಂಚೆ ಅಂಗೈ ದಿನ ಅಂದ್ರೆ ನಾವೇ ಫಲಕ ತಗೊಂಡು ನದೀಲಿ ಬರ್ತಿದ್ವಂತೆ. ದೋಣಿ ನಡುಮಧ್ಯೆ ನಿಂತು, ನೀರು ಹರಿಯೋ ಕಡೆ ಮುಖ ಮಾಡಿ."

"ನಾವ್ಯಾಕೆ?"

"ಮತ್ತಿನ್ಯಾರು? ಸಿಂಹದವರ ಕೈಗೆ ಚಕ್ರದವರು ಕೊಡ್ತಾರಾ? ಚಕ್ರದವರ ಕೈಗೆ ಸಿಂಹದವರು ಕೊಡ್ತಾರಾ? ಅವರು ಅಂಟಿಕೊಂಡ ಬೆಲ್ಲದಚ್ಚನ್ನ ಬಿಡಿಸೋಕೂ ನಮ್ಮನ್ನೇ ಕರೆಯೋ ಜನ."

ಬಣ್ಣದವಳು ಅವ್ವನ ಬಲಗೈ ನೋಡಿದಳು. ಹೊರಗೆ ಹರಿಯುವ ನೀರನ್ನು ನೋಡಿದಳು. ಬಲದಂಡೆ ನೋಡಿದಳು. ಮುದುಕ ಕೇಳಬೇಡ ಎಂದದ್ದು ಇದನ್ನೇ. ಬಲ ಎಂದರೆ ನೋಡುವವರ ಬಲವಲ್ಲ, ಹಿಂದೆ ನಿಂತು ಹಿಡಿದವರ ಬಲ. ಕುಂಚವನ್ನು ಸೆರಗಿಗೆ ಸಿಕ್ಕಿಸಿ ಸೀಮೆಮನೆಯ ಕಡೆ ಓಡಿದಳು. ಬಾಗಿಲ ಹತ್ತಿರ ನಿಂತು, ಉಸಿರು ಸರಿಮಾಡಿಕೊಂಡು, ಏನೂ ತಿಳಿಯದವಳಂತೆ ಒಳಗೆ ಹೋದಳು.

"ವಾಕ್ಯಪಾಲರೇ, ಒಂದು ಸಣ್ಣ ಸಂದೇಹ. ಬಲಕ್ಕೆ ಸಿಂಹ ಅಂತಿದೆಯಲ್ಲ, ಯಾರ ಬಲ?"

ತಮ್ಮನ್ನು ಯಾರಾದರೂ ಪ್ರಶ್ನೆ ಕೇಳಲಿ ಎಂದು ವಾಕ್ಯಪಾಲರು ಮೂವತ್ತು ವರ್ಷದಿಂದ, ತಮ್ಮ ಸರದಿ ಬಂದಾಗಲೆಲ್ಲ, ಕಾದಿದ್ದರು. ಗಂಟಲು ಸರಿಮಾಡಿಕೊಂಡರು. "ಒಳ್ಳೇ ಪ್ರಶ್ನೆ. ಫಲಕವನ್ನ ಹಿಡಿದವರ ಬಲ. ನೋಡುವವರದಲ್ಲ."

"ಹಿಡಿದವರು ಯಾರು?"

"ಹಿಡಿದವರು..." ಎಂದು ವಾಕ್ಯಪಾಲರು ಹಾಳೆಯ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಗೋಡೆ ಹಿಡಿದಿದೆಯಲ್ಲಮ್ಮ," ಎಂದರು ಯಜಮಾನರು.

"ಗೋಡೆಗೆ ಬಲಗೈ ಯಾವುದು ಯಜಮಾನರೇ?"

ಸಭೆ ಗೋಡೆಯನ್ನು ನೋಡಿತು.

ವಾಕ್ಯಪಾಲರು ಪ್ರಾಮಾಣಿಕರು. ಸೀಮೆಗೆ ಆದ ತೊಂದರೆಗಳಲ್ಲಿ ಹೆಚ್ಚಿನವು ಇಂಥವರಿಂದಲೇ ಆಗಿವೆ. ಹಾಳೆಯನ್ನು ಮತ್ತೊಮ್ಮೆ ಓದಿ ಅವರು ನುಡಿದರು: "ಹಿಡಿದವರಿಲ್ಲದ ಫಲಕಕ್ಕೆ ನೋಡುವವರ ಬಲವೇ ಬಲ. ಬೇರೆ ದಾರಿ ಇಲ್ಲ."

"ಹಾಗಾದ್ರೆ ಸಿಂಹವನ್ನ ಈ ಕಡೆಯಿಂದ ಆ ಕಡೆಗೆ ಬರೀಬೇಕಾಗುತ್ತೆ," ಎಂದಳು ಬಣ್ಣದವಳು. "ಚಕ್ರವನ್ನ ಆ ಕಡೆಯಿಂದ ಈ ಕಡೆಗೆ. ಬರೆದುಬಿಡ್ಲಾ?"

"ಬರಿ, ಬರಿ," ಎಂದರು ಯಜಮಾನರು. ಅವರಿಗೆ ಊಟದ ಹೊತ್ತಾಗಿತ್ತು. "ಎಲ್ಲಿದ್ದರೂ ಸಿಂಹ ಸಿಂಹವೇ."

ಅವಳು ಹೊಸ್ತಿಲು ದಾಟುವಷ್ಟರಲ್ಲಿ ಸಭೆಯ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ಫಲಕದಲ್ಲಿ ಹೇಗೋ ನೆಲದಲ್ಲಿ ಹಾಗೆ."

ಆಮೇಲೆ ನಡೆದದ್ದನ್ನು ಸೀಮೆಯ ಚರಿತ್ರೆಯಲ್ಲಿ 'ಸ್ಥಳ ಬದಲಾವಣೆ' ಎಂದಷ್ಟೇ ಬರೆದಿದ್ದಾರೆ. ಫಲಕದಲ್ಲಿ ಸಿಂಹ ಇದ್ದ ಕಡೆಯಿಂದ ಆ ಕಡೆಗೆ ಹೋದರೆ ಸಿಂಹದವರು ಎದುರಿನ ಎಡದಂಡೆಗೆ. ಚಕ್ರ ಈ ಕಡೆಗೆ ಬಂದರೆ ಚಕ್ರದವರು ಬಲದಂಡೆಗೆ. ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ. ನಿಯಮ ಪಾಲಿಸುವುದರಲ್ಲಿ ಎದುರು ದಂಡೆಯವರಿಗಿಂತ ಹಿಂದೆ ಬೀಳಬಾರದು ಎಂಬ ಛಲ ಎರಡೂ ಕಡೆ ಇತ್ತು, ಅಷ್ಟೇ ಸಾಕಾಯಿತು. ಸಿಂಹದವರು ಒನಕೆ, ಹಂಡೆ, ತೊಟ್ಟಿಲು, ಬಾಗಿಲಿನ ಚೌಕಟ್ಟು ಸಮೇತ ಹೊರಟರು. ಚಕ್ರದವರು ಒಂಬತ್ತು ಗಿರಣಿಚಕ್ರಗಳನ್ನು ಬಿಚ್ಚಿ ಉರುಳಿಸಿಕೊಂಡು ಹೊರಟರು. ಡೊಳ್ಳು ಹೊಡೆದರು. ನಾಯಿಗಳು ಎರಡು ಕಡೆಗೂ ಓಡಿದವು. ಇಷ್ಟು ಸಂಭ್ರಮವನ್ನು ಸೀಮೆ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಹೊಸ ಸೇತುವೆಯ ನಡುವೆ, ಬಂಡೆಯ ಮೇಲೆ, ಇಬ್ಬರೂ ಎದುರುಬದುರಾದರು. ಸೇತುವೆಯ ಅಗಲ ಒಂದು ಗಾಡಿಯಷ್ಟು. ಚಿನ್ನದ ಪಕ್ಕದಲ್ಲಿ ಚಿನ್ನ ಹಾಯುವಂತಿಲ್ಲ.

"ನೀವು ಹಿಂದೆ ಸರೀರಿ."

"ಯಾಕೆ? ನಾವು ನಿಯಮದ ಪ್ರಕಾರ ಹೊರಟವರು."

"ನಾವೇನು ಜಾತ್ರೆಗೆ ಹೊರಟವರಾ?"

ಯಜಮಾನರು ಒಂದು ಹಂಡೆಯ ಮೇಲೆ ಹತ್ತಿ ನಿಂತರು. ಆ ಗಡಿಬಿಡಿಯಲ್ಲಿ ಕಾಲೆಳೆಯುವುದು ಮರೆತುಹೋಗಿತ್ತು. "ಸಮಾಧಾನ! ಹಿಡಿಯೋರು ಒಬ್ಬರು ಸಿಕ್ಕರೆ ಸಾಕು, ಸಿಂಹ ಇದ್ದಲ್ಲೇ ಇರುತ್ತೆ, ನಾವೂ ಇದ್ದಲ್ಲೇ ಇರ್ತೀವಿ. ನಾನೇ ಹಿಡೀತೀನಿ!"

"ಅಯ್ಯೋ, ಹಿಡೀರಿ ಹಿಡೀರಿ," ಎಂದಳು ಚಕ್ರದವರ ಒಬ್ಬ ಹೆಂಗಸು ಗಿರಣಿಚಕ್ರದ ಸಂದಿಯಿಂದ ಮುಖ ಹಾಕಿ. "ಆಮೇಲೆ ನಮ್ಮ ಚಕ್ರದ ಮೇಲೆ ನಿಮ್ಮ ಕೈ!"

"ವಾಕ್ಯಪಾಲರು ಹಿಡೀಲಿ."

"ಆಗ ನಮ್ಮ ಸಿಂಹದ ಬೆನ್ನಿಗೆ ಅವರ ಕೈ!"

"ಇಬ್ಬರೂ ಅರ್ಧರ್ಧ ಹಿಡೀಲಿ."

"ಇಬ್ಬರು ಹಿಡಿದರೆ ಬಲ ಎರಡಾಗುತ್ತೆ," ಎಂದರು ವಾಕ್ಯಪಾಲರು ನೋವಿನಿಂದ.

ಆ ಹೊತ್ತಿಗೆ ಸೇತುವೆಯ ಕೆಳಗೆ ದೋಣಿಯೊಂದು ನಿಧಾನವಾಗಿ ಬಂತು. ಹುಟ್ಟು ಹಿಡಿದಿದ್ದವಳು ದೋಣಿಯವ್ವ. ಅವಳು ತಲೆಯೆತ್ತಿ ನೋಡಿದಳು. ತೊಟ್ಟಿಲು ಕಂಡಳು, ಚೌಕಟ್ಟು ಕಂಡಳು, ಹಂಡೆಯ ಮೇಲಿನ ಯಜಮಾನರನ್ನು ಕಂಡಳು.

"ಎಲ್ಲಾ ಸೇರಿ ಎಲ್ಲಿಗೆ ಸವಾರಿ? ನಾವು ಹೊರಡ್ತೀವಿ ಅಂತ ನೀವೂ ಹೊರಟ್ರಾ?"

ಬಣ್ಣದವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕುಂಚವಿತ್ತು. ಅವಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಅಂದಳು: "ಫಲಕದ ಬೆನ್ನಿಗೆ ಎರಡು ಅಂಗೈಗೆ ಜಾಗ ಇದೆ. ಬಂದು ನೋಡಿ. ಅದು ಯಾರ ಕೈಗೆ ಹೊಂದುತ್ತೆ ಅಂತಲೂ ನೋಡಿ."

ಸೇತುವೆಯ ಮೇಲಿದ್ದವರೆಲ್ಲ ಹಂಡೆ ತೊಟ್ಟಿಲು ಅಲ್ಲೇ ಬಿಟ್ಟು ಕೊಟ್ಟಿಗೆಗೆ ನುಗ್ಗಿದರು. ಯಜಮಾನರು ತಗ್ಗಿನಲ್ಲಿ ಕೈ ಇಟ್ಟರು. ಗಜ್ಜುಗದ ಗುಳಿಯಲ್ಲಿ ಗೋಲಿಯಿಟ್ಟಂತೆ ಅಲ್ಲಾಡಿತು. ವಾಕ್ಯಪಾಲರು ಇಟ್ಟರು. ಅವರ ಕೈ ಹಾಳೆ ಹಿಡಿದ ಕೈ, ಕಾಣಲೇ ಇಲ್ಲ. ಸಿಂಹದ ಕಮ್ಮಾರ ಇಟ್ಟ, ಚಕ್ರದ ಗಿರಣಿಯವನು ಇಟ್ಟ. ಒಬ್ಬನದು ಉದ್ದ, ಒಬ್ಬನದು ಗಿಡ್ಡ. ದೋಣಿಯವ್ವ ಕೊನೆಗೆ ಬಂದು ಸೀರೆಗೆ ಕೈ ಒರೆಸಿಕೊಂಡು ಇಟ್ಟಳು.

ಎರಡೂ ಕೈ ಅಲ್ಲಾಡದೆ ಕೂತವು.

"ಅಂಗೈಗೆ ಜಾಗ ಇದ್ದವರು ಸೀಮೆಯವರು," ಎಂದರು ವಾಕ್ಯಪಾಲರು. "ಎದುರಿಗೆ ಇಡಬೇಕು ಅಂತ ಎಲ್ಲೂ ಬರೆದಿಲ್ಲ."

"ಹಾಗಾದ್ರೆ ಹಿಡೀಬೇಕಮ್ಮ," ಎಂದರು ಯಜಮಾನರು. ಅಮ್ಮ ಎಂಬ ಮಾತು ಅವರ ಬಾಯಿಂದ ದೋಣಿಯವ್ವನ ಕಡೆಗೆ ಬಂದದ್ದು ಅದೇ ಮೊದಲು. "ಹಿಡಿದು ನಿಂತರೆ ಸಾಕು."

ದೋಣಿಯವ್ವ ಕೈ ತೆಗೆದಳು. "ನಾನು ಅತಿಥಿ ಅಲ್ವಾ ಸ್ವಾಮಿ? ಒಣಗಿದ ಕೂಡ್ಲೇ ಹೊರಡಬೇಕು. ಪಾತ್ರೆ ಕಟ್ಟಿದ್ದೀನಿ."

"ಬಿಚ್ಚಿ."

"ಕಟ್ಟಿದ್ದನ್ನ ಬಿಚ್ಚೋದು ಸುಲಭಾನಾ? ಅದೂ ಅಲ್ದೆ ನಾನೊಬ್ಬಳೇ ಇದ್ದು ಏನು ಮಾಡ್ಲಿ? ನಾನು ಹಿಡಿದು ನಿಂತ್ರೆ ದೋಣಿ ನಡೆಸೋರು ಬೇಕು. ಹುಟ್ಟು ಮಾಡೋರು ಬೇಕು. ನನ್ನ ಕೈ ನಡುಗಿದ ಕಾಲಕ್ಕೆ ಹಿಡಿಯೋರು ಬೇಕು, ಅವರಾದ ಮೇಲೆ ಹಿಡಿಯೋರು ಬೇಕು, ಅವರನ್ನ ಹೆರೋರು ಬೇಕು." ಅವಳು ಬೆರಳು ಮಡಿಸುತ್ತ ಹೋದಳು. "ಒಟ್ಟು ಎಪ್ಪತ್ತೊಂದು ಜನ ಆಗ್ತಾರೆ. ನನ್ನ ಬಿಟ್ಟು."

ಯಜಮಾನರು ಹೊರಗೆ ನೋಡಿದರು. ಸೇತುವೆಯ ಮೇಲೆ ಯಾರದೋ ಮಗು ತೊಟ್ಟಿಲಲ್ಲಿ ಅಳುತ್ತಿತ್ತು, ಯಾರದೋ ಗಿರಣಿಚಕ್ರ ತಾನಾಗಿ ಉರುಳತೊಡಗಿತ್ತು.

"ಎಪ್ಪತ್ತೆರಡು," ಎಂದರು. "ಬರಕೊಳ್ಳಿ."

ಬಣ್ಣದವಳು ಫಲಕದ ಮುಖ ಮೇಲೆ ಮಾಡಿಸಿ, ಹಳೆಯ ಬಣ್ಣ ಕೆರೆದು, ತಿರುಗಿ ಕುಳಿತು ಹಸಿರು ಬಣ್ಣದಲ್ಲಿ ಕುಂಚ ಅದ್ದಿದಳು. ಮುಖ ಯಾರಿಗೂ ಕಾಣದಂತೆ ಬಗ್ಗಿಸಿಕೊಂಡಿದ್ದಳು. ಹಸಿರಿನ ಅಂಚು ಆ ದಿನ ಸ್ವಲ್ಪ ಡೊಂಕಾಗಿ ಬಂತು. ಅದರಿಂದಾಗಿ ಬಲದಂಡೆಯ ಗದ್ದೆಯ ಬದುಗಳು ಆ ವರ್ಷ ಸ್ವಲ್ಪ ಡೊಂಕಾದವು. ಯಾರೂ ದೂರು ಕೊಡಲಿಲ್ಲ.

ಅವಳು ಸಿಂಹವನ್ನು ತನ್ನ ಎಡಕ್ಕೆ ಬರೆದಳು, ಚಕ್ರವನ್ನು ಬಲಕ್ಕೆ, ಅರೆಕಾಲು ಎಂಟು. ನಡುವೆ ಬೆಳ್ಳಿಯ ರೇಕು ಕೂರಿಸಿ ಅಲೆ ಎಳೆದಳು. ಎಲ್ಲ ಮುಗಿದ ಮೇಲೆ, ಸೀಮೆಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿರುವಾಗ, ಕುಂಚದ ತುದಿಯ ಒಂದೇ ಕೂದಲಿನಿಂದ ಮೂರನೆಯ ಉಗುರು ಇಟ್ಟಳು. ಡೊಳ್ಳು ಹೊಡೆದರು. ಸಿಂಹದವರು ಒಟ್ಟಾಗಿ ಎರಡು ಕಾಲಿನ ಮೇಲೆ ಸರಿಯಾಗಿ ನಿಂತರು. ಚಕ್ರದವರು ಹೆಚ್ಚಿದ್ದ ಒಂಬತ್ತನೆಯ ಗಿರಣಿಚಕ್ರವನ್ನು ಏನು ಮಾಡುವುದೆಂದು ತಿಳಿಯದೆ ದೋಣಿಯವರಿಗೆ ಊಟದ ಮೇಜಾಗಿ ಕೊಟ್ಟರು. ಅದು ದುಂಡಗಿದ್ದುದರಿಂದ ಅದರ ಸುತ್ತ ಯಾರು ಯಾರ ಪಕ್ಕ ಕುಳಿತರೆಂದು ಹೇಳುವುದು ಕಷ್ಟವಾಗಿತ್ತು.

ಎಣ್ಣೆ ಜಾಸ್ತಿಯಾದ ಬಣ್ಣ ಒಂಬತ್ತನೆಯ ದಿನ ಒಣಗಿತು. ಅಂದು ಯಾರೂ ಹೊರಡಲಿಲ್ಲ. ಲಾಂಛನದಲ್ಲಿ ಈಗಲೂ ದೋಣಿ ಇಲ್ಲ. ಫಲಕ ಈಗ ದೋಣಿಯವರ ಕೈಯಲ್ಲಿರುವುದರಿಂದ ಗೋಡೆಯ ಮೊಳೆ ಕಿತ್ತು ಹಾಕಲಾಗಿದೆ.